ಚಾಂಪಿಯನ್ಸ್ ಲೀಗ್ ಇಲ್ಲ ಅಂತ ಬುಫಾನ್‌ರನ್ನು ಕೆಳಗಿಡೋದು ಸರಿಯಾ?

ಪ್ರಶ್ನೆ: ಇಟಲಿಯ ಗೋಲ್‌ಕೀಪರ್ ಬುಫಾನ್ ಯುರೋಪಿನ ಕ್ಲಬ್‌ಗಳ ದೊಡ್ಡ ಫುಟ್‌ಬಾಲ್ ಟೂರ್ನಿ ಚಾಂಪಿಯನ್ಸ್ ಲೀಗ್‌ನಲ್ಲಿ 2003, 2015, 2017 ಮೂರೂ ಫೈನಲ್ ಸೋತರು. ಅದೊಂದೇ ಕಾರಣಕ್ಕೆ ಅವರನ್ನು ಅತ್ಯುತ್ತಮ ಗೋಲ್‌ಕೀಪರ್ ಅಲ್ಲ ಅನ್ನುತ್ತಾರೆ. ನನಗಂತೂ ಬೇಜಾರಾಗುತ್ತದೆ. ನೀವೇನಂತೀರಿ?

ಉತ್ತರ 1: ಖಂಡಿತ ಸರಿಯಲ್ಲ. 2006ರ ವಿಶ್ವಕಪ್ ನೋಡಿ. ಇಡೀ ಟೂರ್ನಿಯಲ್ಲಿ ಬಿಟ್ಟಿದ್ದು ಎರಡೇ ಗೋಲು, ಒಂದು ಸ್ವಂತ ತಂಡದ ಜಕಾರ್ಡೋ ಕಾಲಿನಿಂದ ಬಂದದ್ದು, ಇನ್ನೊಂದು ಫೈನಲ್‌ನಲ್ಲಿ ಫ್ರಾನ್ಸ್‌ನ ಜಿದಾನ್ ಹೊಡೆದ ಪೆನಾಲ್ಟಿ. ಅದೇ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಜಿದಾನ್ ತಲೆಯಿಂದ ಹೊಡೆದ ಚೆಂಡು ಇನ್ನೇನು ಒಳಗೆ ಹೋಯಿತು ಅನ್ನುವಷ್ಟರಲ್ಲಿ ಬುಫಾನ್ ಹಾರಿ ಒಂದೇ ಕೈಯಲ್ಲಿ ಬಾರ್ ಮೇಲಕ್ಕೆ ತಳ್ಳಿಬಿಟ್ಟರು. ಆ ಸೇವ್ ಇಲ್ಲದಿದ್ದರೆ ಇಟಲಿ ಗೆಲ್ಲುತ್ತಿತ್ತಾ?

ಉತ್ತರ 2: ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಆಮೇಲಿನದು. ಅವರ ಕ್ಲಬ್ ಯುವೆಂಟಸ್ ಇಟಲಿಯ ಎರಡನೇ ದರ್ಜೆಯ ಲೀಗ್ ಸೀರೀ ಬಿಗೆ ಇಳಿಯಿತು. ಆಗಷ್ಟೇ ವಿಶ್ವಕಪ್ ಗೆದ್ದ ಕೀಪರ್, ಯಾವ ದೊಡ್ಡ ಕ್ಲಬ್‌ಗೆ ಬೇಕಾದರೂ ಹೋಗಬಹುದಿತ್ತು, ಆದರೂ ಅಲ್ಲೇ ಉಳಿದರು. ಸುಮ್ನೆ ಮಾತಲ್ಲ ಅದು.

ಉತ್ತರ 3: 17ನೇ ವಯಸ್ಸಿಗೆ, 1995ರಲ್ಲಿ, ಪಾರ್ಮಾ ಕ್ಲಬ್ ಪರ ಮಿಲಾನ್ ಎದುರು ಮೊದಲ ಪಂದ್ಯ. ಒಂದೂ ಗೋಲು ಬಿಡಲಿಲ್ಲ! ಇಟಲಿಗೆ 176 ಪಂದ್ಯ ಆಡಿ, 2023ರಲ್ಲಿ 45ಕ್ಕೆ ಗ್ಲೌಸ್ ಕಳಚಿದ್ದೂ ಪಾರ್ಮಾದಲ್ಲೇ.

ಪ್ರಶ್ನೆ ಕೇಳಿದವರು: ಜಿದಾನ್ ಹೆಡರ್ ಈಗಲೇ ಮತ್ತೆ ನೋಡುತ್ತೇನೆ, ಥ್ಯಾಂಕ್ಸ್.