ಅಪ್‌ಡೇಟ್: ಜಿಆರ್‌ಇ ಗಣಿತದ ಹೋಲಿಕೆ ಪ್ರಶ್ನೆಗಳು

ಜಿಆರ್‌ಇ (ವಿದೇಶಗಳಲ್ಲಿ ಸ್ನಾತಕೋತ್ತರ ವ್ಯಾಸಂಗದ ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಅಭ್ಯಾಸದಲ್ಲಿ ಎರಡು ಪರಿಮಾಣಗಳಲ್ಲಿ ಯಾವುದು ದೊಡ್ಡದೆಂದು ಹೋಲಿಸುವ ಪ್ರಶ್ನೆಗಳಿಗೆ ಸಮಯ ಸಾಲುತ್ತಿಲ್ಲವೆಂದು ಕಾಸರಗೋಡಿನಿಂದ ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು. ಕೊನೆಗೆ ಕೈಹಿಡಿದದ್ದು ಬದಿಯಡ್ಕದ ಗಣಿತ ಮಾಸ್ತರರೊಬ್ಬರು ಸೂಚಿಸಿದ ಉಪಾಯ: ಬೀಜಗಣಿತಕ್ಕೆ ಕೈಹಾಕುವ ಮೊದಲು ಸೊನ್ನೆ, ಒಂದು, ಋಣಸಂಖ್ಯೆ ಮತ್ತು ಭಿನ್ನರಾಶಿಗಳನ್ನು ಹಾಕಿ ನೋಡುವುದು. ಉದಾಹರಣೆಗೆ, ಒಂದು ಸಂಖ್ಯೆಯನ್ನೂ ಅದರ ವರ್ಗವನ್ನೂ ಹೋಲಿಸುವಾಗ 2 ಹಾಕಿದರೆ ವರ್ಗವೇ ದೊಡ್ಡದು, 1/2 ಹಾಕಿದರೆ ವರ್ಗವೇ ಚಿಕ್ಕದು. ಅಲ್ಲಿಗೆ ‘ನಿರ್ಧರಿಸಲಾಗದು’ ಎಂಬ ನಾಲ್ಕನೆಯ ಆಯ್ಕೆಯೇ ಉತ್ತರವೆಂದು ಖಚಿತವಾಗುತ್ತದೆ. ಎರಡೂ ಕಡೆ ಬರೀ ಅಂಕಿಗಳಿದ್ದರೆ ಆ ಆಯ್ಕೆ ಉತ್ತರವಾಗಲು ಸಾಧ್ಯವೇ ಇಲ್ಲವೆಂಬುದು ನನಗಂತೂ ಹೊಸ ವಿಷಯ. ಪರದೆಯ ಕ್ಯಾಲ್ಕುಲೇಟರನ್ನೇ ನೆಚ್ಚಿಕೊಳ್ಳುವ ಸಲಹೆ ಮಾತ್ರ ಫಲಿಸಲಿಲ್ಲ. 12 ಪ್ರಶ್ನೆಗಳಿಗೆ 21 ನಿಮಿಷವಷ್ಟೇ ಇರುವ ಗಣಿತದ ಮೊದಲ ವಿಭಾಗದಲ್ಲಿ ಅಂಕಿ ಒತ್ತುವುದರಲ್ಲಿಯೇ ಹೊತ್ತು ಕಳೆದುಹೋಗುತ್ತದೆ.