ಬಯೋಕೆಮಿಸ್ಟ್ರಿ ಪಿಎಚ್‌ಡಿ 5ನೇ ವರ್ಷ: ಪೇಪರ್‌ಗೆ ಕಾಯಲಾ, ಥೀಸಿಸ್ ಕೊಟ್ಟುಬಿಡಲಾ?

ಗುಬ್ಬಿಗೂಡು: ನೋಂದಣಿ 2021ರ ಮಾರ್ಚ್. ಫೆಲೋಶಿಪ್ ಇನ್ನು ಐದೇ ತಿಂಗಳು. ಲ್ಯಾಬ್ ಕೆಲಸ ಮುಗಿದಿದೆ, ಪೇಪರ್ ಎರಡು ಜರ್ನಲ್‌ಗಳಲ್ಲಿ ರಿಜೆಕ್ಟ್ ಆಯ್ತು. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಪೇಪರ್ ಕಡ್ಡಾಯ ಅಲ್ವಂತೆ. ಗೈಡ್ ಮಾತ್ರ ಎರಡು ಪೇಪರ್ ಬೇಕೇ ಬೇಕು ಅಂತಾರೆ. ಮುಗಿಸಿದವರು ಹೇಳಿ.

ಹಳೇ ಪೈಪೆಟ್: ನಾನು ಕಾದೆ. ಏಳು ವರ್ಷ ಎರಡು ತಿಂಗಳು. ಇಲಿಗಳ ಮೇಲೆ ಕೆಲಸ. ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡೋ ಎಥಿಕ್ಸ್ ಸಮಿತಿ ಸಭೆ ಮೂರು ಸಲ ಮುಂದೆ ಹೋಗಿ ಒಂಬತ್ತು ತಿಂಗಳು ಕೈಕಟ್ಟಿ ಕೂತೆ. ಅನುಮತಿ ಸಿಕ್ಕಿ ಸ್ಯಾಂಪಲ್ ತೆಗೆದಿಟ್ಟರೆ, ಶಿವರಾತ್ರಿ ರಜೆಯಲ್ಲಿ ಕರೆಂಟ್ ಹೋಯ್ತು, ಜನರೇಟರ್‌ನಲ್ಲಿ ಡೀಸೆಲ್ ಇರಲಿಲ್ಲ, ಮೈನಸ್ ಎಂಬತ್ತರ ಫ್ರೀಜರ್‌ನಲ್ಲಿದ್ದ 212 ಟ್ಯೂಬ್ ಹಾಳು. ಮತ್ತೆ ಶುರು ಮಾಡೋಕೆ, ತಣ್ಣಗೇ ಇಡಬೇಕಾದ ಆಂಟಿಬಾಡಿ ಒಂದಕ್ಕೇ 41,300 ರೂಪಾಯಿ. ಅದು ಹನ್ನೊಂದು ವಾರಕ್ಕೆ ಬಂತು, ಪೆಟ್ಟಿಗೆಯ ಐಸೆಲ್ಲ ನೀರಾಗಿ. ಆದ್ರೂ ಬಿಡಲಿಲ್ಲ, ಒಳ್ಳೇ ಜರ್ನಲ್‌ನಲ್ಲೇ ಬಂತು. ಪೇಪರ್ ಇಲ್ಲದ ಪಿಎಚ್‌ಡಿ ಉಪ್ಪಿಲ್ಲದ ಸಾರು.

ಧಾರವಾಡ ಪೇಢೆ: ಉಪ್ಪು ಸಾರು ಇರ್ಲಿ ರೀ, ಏಳು ವರ್ಷ ನಿಮ್ಮನ್ನ ಸಾಕಿದವ್ರು ಯಾರು? ನಂಗ ಫೆಲೋಶಿಪ್ಪೂ ಇರ್ಲಿಲ್ಲ, ಕಂಕುಳಾಗ ಎರಡು ವರ್ಷದ ಮಗಳು. ಗೆಸ್ಟ್ ಲೆಕ್ಚರರ್ ಪಗಾರದಾಗ 6,500 ಕಟ್ಟಿ ಸಣ್ಣ ಜರ್ನಲ್‌ದಾಗ ಹಾಕಿಸಿ ಥೀಸಿಸ್ ಕೊಟ್ಟೆ. ಪ್ಲೇಜಿಯರಿಸಂ ಚೆಕ್‌ನ್ಯಾಗ 34 ಪರ್ಸೆಂಟ್ ಬಂತು. ನೋಡಿದ್ರ ನನ್ನ ಪೇಪರನ್ನ ನಾನ ಕದ್ದೀನಂತ! ಬೈಂಡಿಂಗ್‌ನವ ಬಂಗಾರದ ಅಕ್ಷರದಾಗ ನನ್ನ ಅಡ್ಡಹೆಸರು ತಪ್ಪು ಒತ್ತಿದ. ಐದೂ ಪ್ರತಿ ಮತ್ತ ಮಾಡಿಸಿದ್ದಕ್ಕ 4,750. ಮುಗೀತು, ಈಗ ನೌಕ್ರಿ ಐತಿ.

ಹಳೇ ಪೈಪೆಟ್: ದುಡ್ಡು ಕೊಟ್ಟು ಹಾಕಿಸಿದ್ದನ್ನ ಪೇಪರ್ ಅನ್ನಬೇಡಿ ಮೇಡಂ.

ಧಾರವಾಡ ಪೇಢೆ: ನಿಮ್ಮ ಒಳ್ಳೇ ಜರ್ನಲ್ ಪುಗಸಟ್ಟೆ ಹಾಕ್ತೇನ್ರೀ?

ಹಳೇ ಪೈಪೆಟ್: ಎಲ್ಲರೂ ಉಚಿತವಾಗಿ ಓದೋ ಹಾಗೆ ಹಾಕೋಕೆ ಓಪನ್ ಆಕ್ಸೆಸ್ ಫೀ 1,85,000. ಗೈಡ್ ಪ್ರಾಜೆಕ್ಟಿಂದ ಕಟ್ಟಿದ್ರು. ಅದು ಬೇರೆ.

ಧಾರವಾಡ ಪೇಢೆ: ಅದು ರೊಕ್ಕ ಅಲ್ಲೇನ್ರೀ, ಹುಣಸಿ ಬೀಜ ಏನು?

ರೂಲ್‌ಬುಕ್ ರಾಯರು: ಇಬ್ಬರೂ ಸ್ವಲ್ಪ ತಡೀರಿ. ಹೊಸ ನಿಯಮ ಗೆಜೆಟ್‌ನಲ್ಲಿ ಬಂದದ್ದು 2022ರ ನವೆಂಬರ್ 7. ಅದಕ್ಕೆ ಮುಂಚೆ ನೋಂದಾಯಿಸಿದವರಿಗೆ 2016ರದ್ದೇ: ಒಂದು ಪೇಪರ್, ಎರಡು ಸಮ್ಮೇಳನದಲ್ಲಿ ಮಂಡನೆ. ಎರಡು ಪೇಪರ್ ಅನ್ನೋದು ಯುಜಿಸಿಯದಲ್ಲ, ನಿಮ್ಮ ವಿಶ್ವವಿದ್ಯಾಲಯದ್ದೋ ಗೈಡ್‌ದೋ ನೋಡಿಕೊಳ್ಳಿ. ಇಷ್ಟು ನಿಯಮ ಹೇಗೆ ಬಾಯಿಪಾಠ ಅಂದ್ರೆ, ಥೀಸಿಸ್ ಕೊಟ್ಟ ಆರು ತಿಂಗಳೊಳಗೆ ಮೌಲ್ಯಮಾಪನ ಮುಗಿಸಬೇಕು ಅಂತಲೂ ಅದರಲ್ಲೇ ಇದೆ. ನಂದು ಪರೀಕ್ಷಕರ ಮೇಜಿನ ಮೇಲೆ ಹದಿನಾಲ್ಕು ತಿಂಗಳು ಕೂತಿತ್ತು. ಫೋನ್ ಮಾಡಿದರೆ "ಯಾವ ಥೀಸಿಸ್?" ಅಂದ್ರು.

ಧಾರವಾಡ ಪೇಢೆ: ಪುಣ್ಯಾತ್ಮರು, ಫೋನರ ಎತ್ತಿದ್ರಲ್ಲ.

ಸ್ಟೋರ್ಸ್ ಅಣ್ಣ: ನಾನು ಲ್ಯಾಬ್ ಟೆಕ್ನಿಷಿಯನ್. ಪೈಪೆಟ್ ಸಾರ್, ಡೀಸೆಲ್ ಇರಲಿಲ್ಲ ಅಂದ್ರಲ್ಲ, ಅದನ್ನ ತರಿಸೋ ಇಂಡೆಂಟ್‌ಗೆ (ಬೇಡಿಕೆ ಚೀಟಿಗೆ) ಸಹಿ ಹಾಕಬೇಕಾದವರು ಯಾರಿದ್ರು?

ಹಳೇ ಪೈಪೆಟ್: ಗೈಡ್. ರಜೆ ಮೇಲಿದ್ರು.

ಸ್ಟೋರ್ಸ್ ಅಣ್ಣ: ಮತ್ತೆ ಮೆಮೋ ಯಾರಿಗೆ ಬಂತು?