ಗುರುವಾರ ಪಾದದ ಕೀಲಿನ ಆಪರೇಷನ್, ಏನೇನು ತಯಾರಿ ಬೇಕು?

ಪ್ರಶ್ನೆ: ಎಡಗಾಲಿಗೆ ಪ್ಲೇಟು, ಸ್ಕ್ರೂ ಹಾಕುತ್ತಾರೆ. 6 ವಾರ ಕಾಲು ಊರುವ ಹಾಗಿಲ್ಲ. ನಿನ್ನೆ ಊರುಗೋಲು ಹಿಡಿದು ಅಭ್ಯಾಸ ಮಾಡಿದೆ. ಹತ್ತು ಹೆಜ್ಜೆಗೇ ಅಂಗೈ ಕೆಂಪಾಯಿತು. ಒಂದು ಲೋಟ ನೀರು ಹಿಡಿದು ನಡೆಯೋಕೂ ಆಗಲ್ಲ ಅಂತ ಆಗಲೇ ಗೊತ್ತಾಗಿದ್ದು. ತುಂಬಾ ಭಯ ಆಗ್ತಿದೆ.

ಉತ್ತರ: ನನಗೂ ಹೀಗೇ ಆಗಿತ್ತು. ಹೆಗಲಿಗೆ ಅಡ್ಡ ಹಾಕೋ ಚೀಲ, ಬಿಗಿ ಮುಚ್ಚಳದ ಬಾಟಲಿ ಇಟ್ಟುಕೊಳ್ಳಿ. ಬಚ್ಚಲಲ್ಲಿ ಕುರ್ಚಿ ಹಾಕಿ, ಈಗಲೇ ಒಂದು ಸಲ ಕೂತು ನೋಡಿ. ಊರುಗೋಲಿನ ಭಾರ ಅಂಗೈ ಮೇಲೇ ಇರಲಿ, ಕಂಕುಳಿಗೆ ಬೇಡ.

ಇನ್ನೊಂದು ಉತ್ತರ: ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಇವತ್ತೇ ಹೇಳಿ. ನೀವೇ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು: ಕುರ್ಚಿ ಹಾಕಿದರೆ ಬಚ್ಚಲ ಬಾಗಿಲು ಮುಚ್ಚಲ್ಲ! ಸ್ಟೂಲ್ ಸರಿಹೋಯಿತು. ಸ್ವಲ್ಪ ಧೈರ್ಯ ಬಂತು.